ಹುಲಿಯ ಬಾಯಲ್ಲಿ ಪುಣ್ಯಕೋಟಿ

ಸಂಜೆ ಶಾಲೆಯಿಂದ ಬಂದ ಮಗು ಕನ್ನಡ ನೋಟ್‌ಬುಕ್ ತೆರೆದು ನಿಮ್ಮ ಮುಂದೆ ಹಿಡಿಯುತ್ತದೆ. ‘ಪುಣ್ಯಕೋಟಿಯ ಕಥೆಯನ್ನು ಹುಲಿಯೇ ಹೇಳಿದರೆ ಹೇಗಿರುತ್ತದೆ? ಬರೆಯಿರಿ.’ ಹೋಂವರ್ಕ್ ಇಷ್ಟೇ. ನಿಮಗೆ ಅಡುಗೆ ಆಗಬೇಕು, ಬೆಳಿಗ್ಗೆ ಬೇಗ ಏಳಬೇಕು. ‘ಸರಿ, ನಾನು ಹೇಳ್ತೇನೆ, ನೀನು ಬರಿ’ ಎನ್ನುತ್ತೀರಿ. ಹತ್ತು ನಿಮಿಷದಲ್ಲಿ ಒಂದು ಪುಟ ತುಂಬುತ್ತದೆ. ‘ನಾನೊಂದು ಕ್ರೂರ ಹುಲಿ. ನನ್ನ ಹೆಸರು ಅರ್ಭುತ. ನಾನು ಕಾಡಿನಲ್ಲಿ ವಾಸಿಸುತ್ತೇನೆ.’

ಮರುದಿನ ಮೇಜಿನ ಮೇಲೆ ಬಂದು ಬೀಳುವ ನೋಟ್‌ಬುಕ್‌ಗಳಲ್ಲಿ ಅರ್ಧಕ್ಕರ್ಧ ಹೀಗೆಯೇ ಶುರುವಾಗಿರುತ್ತವೆ. ಗಡಿನಾಡಿನ ಶಾಲೆಯಲ್ಲಿ ಕನ್ನಡ ಕಲಿಸುವ ನನಗೆ, ಬರೆದದ್ದು ಮಗುವೋ ಮನೆಯ ಹಿರಿಯರೋ ಎಂದು ತಿಳಿಯಲು ಮೊದಲ ಸಾಲೇ ಸಾಕು. ಯಾವ ಹುಲಿಯೂ ತನ್ನನ್ನು ತಾನು ಕ್ರೂರ ಎಂದುಕೊಳ್ಳುವುದಿಲ್ಲ. ಅದಕ್ಕೆ ಹಸಿವಾಗಿರುತ್ತದೆ, ಅಷ್ಟೇ. ‘ಕ್ರೂರ’ ಎನ್ನುವುದು ಹೊರಗೆ ನಿಂತು ನೋಡಿದವರ ಮಾತು. ಮಕ್ಕಳನ್ನು ಅವರ ಪಾಡಿಗೆ ಬಿಟ್ಟರೆ ಅವರು ಹಾಗೆ ಶುರುಮಾಡುವುದು ಕಡಿಮೆ. ‘ನಂಗೆ ತುಂಬಾ ಹಸಿವು’ ಎಂದು ಶುರುಮಾಡುತ್ತಾರೆ.

ಈ ಸಲದ ಬರಹ ಆ ಒಂದು ಹೋಂವರ್ಕಿನ ಬಗ್ಗೆ. ಅದಕ್ಕೆ ಸಿಗುವ ಮಾರ್ಕು ನಾಲ್ಕೋ ಐದೋ ಇರಬಹುದು. ಆದರೆ ಗಡಿಯ ಈ ಬದಿಯಲ್ಲಿ ಬೆಳೆಯುವ ನಮ್ಮ ಮಕ್ಕಳ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಮೊಬೈಲಿನಲ್ಲಿ ಅವರ ಕಿವಿಗೆ ಬೀಳುವುದು ಹೆಚ್ಚಾಗಿ ಬೇರೆ ಭಾಷೆ. ಕನ್ನಡ ಪುಸ್ತಕದಲ್ಲಿದೆ, ಪ್ರಶ್ನೆಪತ್ರಿಕೆಯಲ್ಲಿದೆ. ಪ್ರಶ್ನೆಗೆ ಉತ್ತರ ಬರೆಯುವ ಭಾಷೆಯಾಗಿಯೇ ಅದು ಉಳಿದರೆ, ಪರೀಕ್ಷೆ ಮುಗಿದ ದಿನ ಅದರ ಕೆಲಸವೂ ಮುಗಿಯುತ್ತದೆ. ‘ನಾನು’ ಎಂದು ಹೇಳಿಕೊಂಡು, ಸಿಟ್ಟು ಬಂದದ್ದನ್ನೂ ನಾಚಿಕೆಯಾದದ್ದನ್ನೂ ಕನ್ನಡದಲ್ಲಿ ಬರೆದ ಮಗುವಿನ ಕೈಯಿಂದ ಅದು ಅಷ್ಟು ಸುಲಭವಾಗಿ ಜಾರುವುದಿಲ್ಲ.

ಹಾಡು ಹೇಳದೆ ಬಿಟ್ಟ ಹೊತ್ತು

ಗೋವಿನ ಹಾಡು ನಿಮಗೆ ಗೊತ್ತಿರುವುದೇ. ಕಟ್ಟಿದವರು ಯಾರೆಂದು ಹೆಸರಿಲ್ಲದೆ, ಬಾಯಿಂದ ಬಾಯಿಗೆ ಬಂದ ಹಾಡು. ಗೊಲ್ಲನ ಹಸುಗಳು ಮೇಯಲು ಹೋಗುತ್ತವೆ. ಮರಳುವ ದಾರಿಯಲ್ಲಿ ಪುಣ್ಯಕೋಟಿ ಹಸಿದ ಹುಲಿಗೆ ಸಿಕ್ಕಿಬೀಳುತ್ತದೆ. ಕರುವಿಗೆ ಹಾಲು ಕೊಟ್ಟು ಬರುತ್ತೇನೆ ಎಂದು ಮಾತು ಕೊಟ್ಟು ದೊಡ್ಡಿಗೆ ಹೋಗುತ್ತದೆ. ಕರುವನ್ನು ಉಳಿದ ಹಸುಗಳ ಕೈಗೆ ಒಪ್ಪಿಸಿ, ಹೇಳಿದಂತೆ ಮರಳಿ ಬರುತ್ತದೆ. ಹುಲಿಗೆ ತಿನ್ನಲು ಮನಸ್ಸು ಬಾರದೆ, ಅದೇ ತನ್ನ ಪ್ರಾಣ ಬಿಡುತ್ತದೆ.

ಈಗ ಒಂದು ಸಂಗತಿ ಗಮನಿಸಿ. ಹಸು ದೊಡ್ಡಿಗೆ ಹೊರಟಾಗ ಹಾಡೂ ಅದರ ಹಿಂದೆಯೇ ಹೊರಟುಬಿಡುತ್ತದೆ. ಕರು ಅಳುವುದನ್ನು, ತಾಯಿ ಬುದ್ಧಿ ಹೇಳುವುದನ್ನು, ಬಳಗದ ಹಸುಗಳು ಮಾತಾಡುವುದನ್ನು ನಾವು ಕೇಳುತ್ತೇವೆ. ಅಷ್ಟು ಹೊತ್ತು ಹುಲಿ ಏನು ಮಾಡುತ್ತಿತ್ತು? ಹಾಡು ಆ ಕಡೆ ತಿರುಗುವುದಿಲ್ಲ. ಕಥೆಯಲ್ಲಿ ಹುಲಿ ಒಂಟಿಯಾಗಿ ಬೆಟ್ಟದ ಸಂದಿಯಲ್ಲಿ ಕಾದಿರುತ್ತದೆ. ಬಾಯಿಗೆ ಬಂದ ಊಟವನ್ನು ಒಂದು ಮಾತು ನಂಬಿ ಬಿಟ್ಟುಕೊಟ್ಟು ಕಾದಿರುತ್ತದೆ.

ನಿಮ್ಮ ಮಗುವಿನ ಕಥೆ ಇರುವುದು ಆ ಕಾಯುವ ಹೊತ್ತಿನಲ್ಲಿ. ಹಾಡಿನಲ್ಲಿ ಇರುವುದನ್ನು ಮತ್ತೆ ಹೇಳಿದರೆ ಅದು ಸಾರಾಂಶ. ಹಾಡಿನಲ್ಲಿ ಇಲ್ಲದ ಹೊತ್ತನ್ನು ಹುಲಿ ತುಂಬಿಸಿದರೆ ಅದು ಹೊಸ ಕಥೆ. ಆಗ ಮಗುವಿಗೆ ಇನ್ನೊಂದು ವಿಚಾರವೂ ಕಣ್ಣಿಗೆ ಬೀಳುತ್ತದೆ. ಸತ್ಯ ನಡೆಯಬೇಕಾದರೆ ಮಾತು ಕೊಡುವವರೂ ಬೇಕು, ಆ ಮಾತನ್ನು ನಂಬುವವರೂ ಬೇಕು. ಹುಲಿ ನಂಬದೇ ಹೋಗಿದ್ದರೆ ಪುಣ್ಯಕೋಟಿಯ ಸತ್ಯ ಯಾರಿಗೂ ಗೊತ್ತಾಗುತ್ತಲೇ ಇರಲಿಲ್ಲ.

‘ನೀತಿ ಹಾಳಾಗುವುದಿಲ್ಲವೇ?’

ಕೆಲವು ತಂದೆ ತಾಯಂದಿರು ಸಂಕೋಚದಿಂದ ಕೇಳುವುದುಂಟು: ‘ಟೀಚರ್, ಹುಲಿಯ ಪರವಾಗಿ ಬರೆಸಿದರೆ ಹಸುವಿನ ದೊಡ್ಡತನ ಕಡಿಮೆಯಾಗುವುದಿಲ್ಲವೇ? ಹಳೆಯ ಹಾಡನ್ನು ಹೀಗೆ ತಿರುಗಿಸಬಹುದೇ?’

ಪ್ರಶ್ನೆ ಸರಿಯಾದದ್ದೇ. ಕಾಸರಗೋಡಿನ ಕಡೆಯವರಿಗೆ ಇದರ ಉತ್ತರ ಮನೆಯಂಗಳದಲ್ಲೇ ಇದೆ. ಯಕ್ಷಗಾನ ಕವಿ ಪಾರ್ತಿಸುಬ್ಬ ನಮ್ಮ ಕುಂಬಳೆಯವನು. ಅವನ ಹೆಸರಿನಲ್ಲಿರುವ ರಾಮಾಯಣದ ಪ್ರಸಂಗಗಳು ಇಂದಿಗೂ ನಡೆಯುತ್ತವೆ. ತಾಳಮದ್ದಳೆಯಲ್ಲಿ ವಾಲಿವಧೆ ನಡೆಯುವಾಗ ಒಮ್ಮೆ ಕೂತು ಕೇಳಿ. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ. ಮರೆಯಲ್ಲಿ ನಿಂತು ಯಾಕೆ ಹೊಡೆದೆ? ನಿನಗೆ ನಾನು ಮಾಡಿದ ಅಪರಾಧವೇನು? ವಾಲಿಯ ಅರ್ಥ ಹೇಳುವವರು ಒಂದಿಷ್ಟೂ ಬಿಟ್ಟುಕೊಡುವುದಿಲ್ಲ. ತನ್ನ ಪಾತ್ರದ ಬದಿಯಲ್ಲಿ ನಿಂತು ವಾದಿಸುವುದೇ ಅರ್ಥಧಾರಿಯ ಕೆಲಸ. ವಾಲಿ ಒಬ್ಬ ವಾನರ. ಅವನ ಮಾತನ್ನು ಪೂರ್ತಿ ಕೇಳಿದ್ದರಿಂದ ಯಾವ ಸಭೆಯೂ ರಾಮನ ಮೇಲಿನ ಭಕ್ತಿ ಕಳೆದುಕೊಳ್ಳಲಿಲ್ಲ. ರಾಮನ ಉತ್ತರವನ್ನು ಇನ್ನಷ್ಟು ಕಿವಿಗೊಟ್ಟು ಕೇಳಿತು. ಹುಲಿಯ ಅರ್ಥ ಹೇಳುವ ಮಗುವಿನಿಂದ ಪುಣ್ಯಕೋಟಿಗೂ ಹಾಗೆ ನಷ್ಟವಿಲ್ಲ.

ಪ್ರಾಣಿಯ ಬಾಯಿಗೆ ಕಥೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆಯೊಂದಿದೆ. ಇಂಗ್ಲೆಂಡಿನ ಅನ್ನಾ ಸೀವೆಲ್ 1877ರಲ್ಲಿ ‘ಬ್ಲ್ಯಾಕ್ ಬ್ಯೂಟಿ’ ಎಂಬ ಪುಸ್ತಕ ಪ್ರಕಟಿಸಿದರು. ಅದರಲ್ಲಿ ಕುದುರೆಯೊಂದು ತನ್ನ ಜೀವನವನ್ನು ತಾನೇ ಹೇಳಿಕೊಳ್ಳುತ್ತದೆ. ಆ ಕಾಲದಲ್ಲಿ ಗಾಡಿಯ ಕುದುರೆಗಳ ತಲೆ ಬಾಗದಂತೆ ಬಿಗಿಯಾದ ಪಟ್ಟಿ ಕಟ್ಟುತ್ತಿದ್ದರು. ತಲೆಯೆತ್ತಿ ನಡೆಯುವ ಕುದುರೆ ನೋಡಲು ಚೆಂದ ಎಂಬುದು ಅದಕ್ಕೆ ಕಾರಣ. ಕತ್ತು ನೋಯುವುದು ಹೇಗೆಂದು ಕುದುರೆಯೇ ಹೇಳಿದಾಗ ಓದಿದವರು ಆ ಪಟ್ಟಿಯನ್ನು ಬೇರೆ ಕಣ್ಣಿನಿಂದ ನೋಡಿದರು. ಆ ಪದ್ಧತಿಯ ವಿರುದ್ಧ ಜನರ ಮನಸ್ಸು ತಿರುಗಲು ಈ ಪುಸ್ತಕವೂ ಒಂದು ಕಾರಣವಾಯಿತು.

‘ಬಂತು’ ಮತ್ತು ‘ಬಂದಳು’

ಇನ್ನು ಭಾಷೆಯ ವಿಷಯ. ಹುಲಿಯ ಬಾಯಲ್ಲಿ ಕಥೆ ಹೇಳಲು ಹೊರಟ ಕೂಡಲೇ ಪ್ರತಿಯೊಂದು ಕ್ರಿಯಾಪದವೂ ಬದಲಾಗಬೇಕು. ‘ಹುಲಿ ಬಂತು’ ಹೋಗಿ ‘ನಾನು ಬಂದೆ’ ಆಗಬೇಕು. ‘ಕಂಡಿತು’ ಇದ್ದದ್ದು ‘ಕಂಡೆ’, ‘ಕಾದಿತ್ತು’ ಇದ್ದದ್ದು ‘ಕಾದಿದ್ದೆ’. ದೊಡ್ಡವರಿಗೆ ಇದು ಏನೂ ಅಲ್ಲ. ಆದರೆ ಸುತ್ತಲೂ ಬೇರೆ ಭಾಷೆ ಕೇಳುವ ಮಗುವಿಗೆ ಇದು ಒಳ್ಳೆಯ ಕಸರತ್ತು.

ಮಲಯಾಳದಲ್ಲಿ ‘ಞಾನ್ ವನ್ನು’, ‘ಪುಲಿ ವನ್ನು’, ‘ಅಮ್ಮ ವನ್ನು’. ಬಂದವರು ಯಾರಾದರೂ ಕ್ರಿಯಾಪದ ಒಂದೇ. ಕಾಸರಗೋಡು, ವಯನಾಡಿನ ಮಕ್ಕಳು ಅವಸರದಲ್ಲಿ ಬರೆಯುವಾಗ ಕನ್ನಡದ ಕ್ರಿಯಾಪದದ ಬಾಲ ತಪ್ಪುವುದಕ್ಕೆ ಇದೂ ಒಂದು ಕಾರಣ. ಮರಾಠಿಯಲ್ಲಿ ಹುಡುಗ ‘ಮೀ ಆಲೋ’ ಎಂದರೆ ಹುಡುಗಿ ‘ಮೀ ಆಲೇ’ ಎನ್ನುತ್ತಾಳೆ. ಹುಲಿ ‘ಆಲಾ’, ಹಸು ‘ಆಲೀ’. ಕನ್ನಡದಲ್ಲಿ ಹುಡುಗನಿಗೂ ಹುಡುಗಿಗೂ ‘ನಾನು ಬಂದೆ’ ಒಂದೇ, ಹುಲಿಗೂ ಹಸುವಿಗೂ ‘ಬಂತು’ ಒಂದೇ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಮಕ್ಕಳಿಗೆ ಇದನ್ನು ಒಮ್ಮೆ ತೋರಿಸಿಕೊಟ್ಟರೆ ಸಾಕು. ತೆಲುಗಿನಲ್ಲಿ ಹೆಂಗಸು ಬಂದರೂ ಹಸು ಬಂದರೂ ‘ವಚ್ಚಿಂದಿ’. ಕನ್ನಡದಲ್ಲಿ ಹೆಂಗಸು ಬಂದಳು, ಹಸು ಬಂತು. ಆದವಾನಿ, ರಾಯದುರ್ಗ, ಮಡಕಶಿರದ ಮಕ್ಕಳು ತಿಳಿಯಬೇಕಾದ ವ್ಯತ್ಯಾಸ ಇದು. ತಮಿಳಿನಲ್ಲಿ ಕನ್ನಡದಂತೆಯೇ ಈ ಭೇದ ಇದೆ. ಆದ್ದರಿಂದ ಹೊಸೂರು, ತಾಳವಾಡಿಯ ಮಕ್ಕಳಿಗೆ ಹೊಂದಿಸಿಕೊಳ್ಳುವುದು ಸುಲಭ.

ಇದನ್ನೇ ವ್ಯಾಕರಣದ ಪಾಠವಾಗಿ ಕೊಟ್ಟರೆ ಮಕ್ಕಳು ಆಕಳಿಸುತ್ತಾರೆ. ಕಥೆಯೊಳಗೆ ಬಂದರೆ ಅದಕ್ಕೆ ಜೀವ ಬರುತ್ತದೆ. ಗೋವಿನ ಹಾಡಿನ ಕೊನೆಯಲ್ಲಿ ಹುಲಿ ಹಸುವನ್ನು ಒಡಹುಟ್ಟಿದ ಅಕ್ಕ ಎಂದು ಕರೆಯುತ್ತದೆ. ಹಾಗಾದರೆ ಹುಲಿಯ ಮನಸ್ಸಿನಲ್ಲಿ ‘ಅದು’ ಎಂಬುದು ‘ಅವಳು’ ಆದದ್ದು ಯಾವ ಕ್ಷಣದಲ್ಲಿ? ಹಸು ಹೋಗುವಾಗಲೋ? ಕಾಯುವಾಗಲೋ? ಮರಳಿ ಬಂದಾಗಲೋ? ಮಗು ‘ಬಂತು’ ಎಂದು ಬರೆಯಬೇಕೋ ‘ಬಂದಳು’ ಎಂದು ಬರೆಯಬೇಕೋ ಎಂಬುದು ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಈ ಬದಲಾವಣೆಯನ್ನು ಕ್ರಿಯಾಪದದ ಬಾಲದಲ್ಲೇ ತೋರಿಸುವ ಅನುಕೂಲ ಮಲಯಾಳಕ್ಕೂ ತೆಲುಗಿಗೂ ಇಲ್ಲ, ಕನ್ನಡಕ್ಕೆ ಇದೆ. ಮಗು ಅದನ್ನು ತಾನೇ ಕಂಡುಕೊಳ್ಳಲಿ.

ಮನೆಯಲ್ಲಿ ಮಾಡುವುದು ಹೇಗೆ?

ಒಂದೇ ಸಂಜೆಯಲ್ಲಿ ಮುಗಿಸಬೇಕೆಂದಿಲ್ಲ. ಮೂರು ಸಂಜೆ, ದಿನಕ್ಕೆ ಕಾಲು ಗಂಟೆ ಸಾಕು.

ಮೊದಲ ಸಂಜೆ ಕಥೆ ಕೇಳುವುದಷ್ಟೇ. ಅಜ್ಜಿಗೋ ಅಜ್ಜನಿಗೋ ಹಾಡು ಬರುತ್ತಿದ್ದರೆ ಅವರಿಂದಲೇ ಹಾಡಿಸಿ. ಬಾರದಿದ್ದರೆ ಪುಸ್ತಕ ನೋಡಿ ನೀವೇ ಓದಿ. ಮಗುವಿಗೆ ಮೂಲ ಕಥೆ ಚೆನ್ನಾಗಿ ಗೊತ್ತಿರಬೇಕು. ಗೊತ್ತಿಲ್ಲದ ಮನೆಯೊಳಗೆ ಕಿಟಕಿ ಹುಡುಕಲು ಆಗುವುದಿಲ್ಲ.

ಎರಡನೆಯ ಸಂಜೆ ಪ್ರಶ್ನೆಗಳು. ನೀವು ಕೇಳಿ, ಮಗು ಹುಲಿಯಾಗಿ ಉತ್ತರಿಸಲಿ. ‘ಹುಲಿರಾಯ, ನೀನು ಎಲ್ಲಿ ಕೂತಿದ್ದೆ? ಅಲ್ಲಿಂದ ಏನು ಕಾಣುತ್ತಿತ್ತು? ಯಾವ ವಾಸನೆ ಬಂತು? ಹಸು ಮಾತಾಡಿದಾಗ ಮೊದಲು ಏನನ್ನಿಸಿತು? ಅದು ಹೋದ ಮೇಲೆ ಯಾರ ಹತ್ತಿರ ಮಾತಾಡಿದೆ? ಬರುವುದಿಲ್ಲ ಎಂದು ಅನ್ನಿಸಲಿಲ್ಲವೇ?’ ಇದರ ಜೊತೆಗೆ ಒಂದು ನಿಯಮ ಹೇಳಿಕೊಡಿ. ಹುಲಿಗೆ ಗೊತ್ತಿರುವುದನ್ನು ಮಾತ್ರ ಹುಲಿ ಹೇಳಬೇಕು. ದೊಡ್ಡಿಯಲ್ಲಿ ಕರು ಅತ್ತದ್ದು ಹುಲಿಗೆ ಕಾಣಲಿಲ್ಲ, ಕೇಳಲಿಲ್ಲ. ಅದನ್ನು ಬರೆಯುವ ಹಾಗಿಲ್ಲ. ಊಹಿಸಬಹುದು, ‘ಕರು ಅತ್ತಿರಬೇಕು’ ಎನ್ನಬಹುದು. ‘ಅತ್ತಿತು’ ಮತ್ತು ‘ಅತ್ತಿರಬೇಕು’ ಇವೆರಡರ ನಡುವಿನ ವ್ಯತ್ಯಾಸ ಕಲಿತ ಮಗು ಮುಂದೆ ಯಾವ ಸುದ್ದಿಯನ್ನಾದರೂ ಎಚ್ಚರದಿಂದ ಓದುತ್ತದೆ.

ಹುಲಿಯ ಬಗ್ಗೆ ನಿಜವಾದ ಸಂಗತಿಗಳನ್ನೂ ಇಲ್ಲಿಯೇ ಸೇರಿಸಿ. ಹುಲಿ ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಕತ್ತಲಲ್ಲಿ ನಮಗಿಂತ ಎಷ್ಟೋ ಚೆನ್ನಾಗಿ ಕಾಣುತ್ತದೆ. ಹಾರಿದಾಗಲೆಲ್ಲ ಬೇಟೆ ಸಿಗುವುದಿಲ್ಲ. ಹಲವು ಸಲ ಹಾರಿದರೆ ಒಮ್ಮೆ ಸಿಗುತ್ತದೆ. ಹುಲ್ಲು ತಿಂದು ಬದುಕಲು ಅದಕ್ಕೆ ಸಾಧ್ಯವಿಲ್ಲ. ಇಷ್ಟು ಗೊತ್ತಾದರೆ, ಕೈಗೆ ಸಿಕ್ಕ ಹಸುವನ್ನು ಬಿಟ್ಟದ್ದು ಎಷ್ಟು ದೊಡ್ಡ ಸಂಗತಿ ಎಂದು ಮಗುವಿಗೆ ನೀವು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯ ಸಂಜೆ ಬರೆಯುವುದು. ಮೊದಲು ಬಾಯಲ್ಲಿ ಹೇಳಲಿ. ಚಿಕ್ಕ ಮಗುವಾದರೆ ಅದು ಹೇಳಿದ್ದನ್ನು ನೀವು ಬರೆದುಕೊಳ್ಳಿ, ಒಂದು ಮಾತನ್ನೂ ಬದಲಿಸಬೇಡಿ. ಆಮೇಲೆ ಅದನ್ನೇ ನೋಡಿ ಮಗು ಬರೆಯಲಿ. ಮನೆಯಲ್ಲಿ ತುಳು, ಕೊಂಕಣಿ, ಬಡಗ, ಮರಾಠಿ ಆಡುವವರಾದರೆ ಮೊದಲ ಸಲ ಆ ಭಾಷೆಯಲ್ಲೇ ಹೇಳಲಿ, ಬರೆಯುವಾಗ ಕನ್ನಡಕ್ಕೆ ತರಲಿ. ‘ಪಿಲಿ’ ಎಂದು ಶುರುವಾದ ಕಥೆ ‘ಹುಲಿ’ಯಾಗಿ ಮುಗಿದರೆ ಕನ್ನಡಕ್ಕೆ ಲಾಭವೇ.

ನಾನು ಹಾಕಿದ ಕೆಂಪು ಗೆರೆ

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹುಡುಗಿ ಇದೇ ಕಥೆಯನ್ನು ಕರುವಿನ ಬಾಯಲ್ಲಿ ಬರೆದು ತಂದಿದ್ದಳು. ಕರು ಪುಣ್ಯಕೋಟಿಯನ್ನು ‘ಅಬ್ಬೆ’ ಎಂದು ಕರೆಯುತ್ತಿತ್ತು. ಹವ್ಯಕರ ಮನೆಯ ಮಾತು ಅದು. ನಾನು ಆ ಪದಕ್ಕೆ ಸುತ್ತು ಹಾಕಿ ಮೇಲೆ ‘ತಾಯಿ’ ಎಂದು ಬರೆದೆ. ಒಂದೇ ಪುಟದಲ್ಲಿ ಏಳೆಂಟು ಕಡೆ ಕೆಂಪು ಸುತ್ತು. ಮುಂದಿನ ಸಲ ಅವಳು ಬರೆದು ತಂದದ್ದರಲ್ಲಿ ತಪ್ಪೇ ಇರಲಿಲ್ಲ. ಎಲ್ಲವೂ ಪಾಠಪುಸ್ತಕದ ವಾಕ್ಯಗಳು. ಅವಳದು ಎನ್ನುವುದು ಒಂದೂ ಇರಲಿಲ್ಲ.

ಕರು ತನ್ನ ಅಮ್ಮನನ್ನು ‘ತಾಯಿ’ ಎಂದು ಕರೆಯುವುದಿಲ್ಲ. ಯಾವ ಮಗುವೂ ಕರೆಯುವುದಿಲ್ಲ. ಒಂದು ಕಡೆ ಅಬ್ಬೆ, ಇನ್ನೊಂದು ಕಡೆ ಅವ್ವ, ಮತ್ತೊಂದು ಕಡೆ ಅಮ್ಮ. ಕಥೆಯ ನಿರೂಪಣೆ ಶಾಲೆಯ ಕನ್ನಡದಲ್ಲಿರಲಿ. ಪ್ರಾಣಿಗಳು ಒಂದನ್ನೊಂದು ಕರೆಯುವಾಗ, ಜಗಳವಾಡುವಾಗ, ಸಮಾಧಾನ ಮಾಡುವಾಗ ಮನೆಯ ಕನ್ನಡ ಬರಲಿ. ಸೊಲ್ಲಾಪುರದ ಹುಲಿ ‘ಯಾಕವ್ವಾ, ಹೊಳ್ಳಿ ಬಂದಿ?’ ಎಂದು ಕೇಳಿದರೆ ಅದು ತಪ್ಪಲ್ಲ. ಕಾಗುಣಿತ, ಒತ್ತಕ್ಷರ ತಿದ್ದುವುದು ಬೇಡವೆಂದಲ್ಲ. ಮೊದಲು ಕಥೆಯನ್ನು ಪೂರ್ತಿ ಕೇಳಿ, ಆಮೇಲೆ ತಿದ್ದಿ. ತಂದೆ ತಾಯಂದಿರಿಗೂ ನನ್ನಂಥ ಶಿಕ್ಷಕರಿಗೂ ಇದು ಒಂದೇ ಮಾತು.

ಒಂದು ತುಣುಕು

ಮಾತಿಗೆ ಉದಾಹರಣೆ ಇರಲೆಂದು ಚಿಕ್ಕದೊಂದು ತುಣುಕು ಬರೆದಿದ್ದೇನೆ. ಮಗುವಿಗೆ ಓದಿ ಹೇಳಿ. ನೋಡಿ ಬರೆಯಲು ಕೊಡಬೇಡಿ.

‘ಹಸು ಹೋಯಿತು. ಕೊರಳಿನ ಗಂಟೆಯ ಸದ್ದು ಸ್ವಲ್ಪ ಹೊತ್ತು ಕೇಳಿಸಿತು, ಆಮೇಲೆ ನಿಂತಿತು. ಯಾಕೆ ಬಿಟ್ಟೆ? ನನಗೇ ಗೊತ್ತಿಲ್ಲ. ಮನೆಯಲ್ಲಿ ಕರು ಇದೆ ಅಂದಿತು. ಇದ್ದರೆ ನನಗೇನು? ಕರು ಸಿಕ್ಕಿದ್ದರೆ ಅದನ್ನೂ ತಿನ್ನುತ್ತಿದ್ದೆ.

ಕತ್ತಲಾಯಿತು. ಹೊಟ್ಟೆ ಗುರ್ ಎಂದಿತು. ನಾಳೆ ನರಿ ಕೇಳುತ್ತದೆ, “ಬಾಯಿಗೆ ಬಂದದ್ದನ್ನು ಬಿಟ್ಟೆಯಂತೆ?” ಏನು ಹೇಳಲಿ? ಮಾತು ಕೊಟ್ಟಿತ್ತು ಎಂದರೆ ನರಿ ಬಿದ್ದು ಬಿದ್ದು ನಗುತ್ತದೆ. ಎದ್ದು ಹೋಗಿಬಿಡೋಣ ಅನ್ನಿಸಿತು. ಹೋಗಲಿಲ್ಲ. ಅದು ಬಂದಾಗ ನಾನು ಇಲ್ಲದಿದ್ದರೆ? ಆಗ ಸುಳ್ಳು ಹೇಳಿದ್ದು ಯಾರು?

ಮತ್ತೆ ಗಂಟೆ ಕೇಳಿಸಿತು. ಕಿವಿ ನೆಟ್ಟಗಾಯಿತು. ದಾರಿಯ ತಿರುವಿನಲ್ಲಿ ಬಿಳಿಯದೊಂದು ಅಲ್ಲಾಡಿತು. ಓಡಲಿಲ್ಲ, ನಿಲ್ಲಲೂ ಇಲ್ಲ, ನೇರ ನನ್ನ ಹತ್ತಿರವೇ ಬಂತು. ಹೋಗುವಾಗ ಕೆಚ್ಚಲು ತುಂಬಿತ್ತು. ಈಗ ಖಾಲಿ. ಹಾಗಾದರೆ ಕರು ಇರುವುದು ನಿಜ. ಅದು ಈಗ ಹೊಟ್ಟೆ ತುಂಬಿ ಮಲಗಿರಬೇಕು. ನಾಳೆ ಬೆಳಿಗ್ಗೆ ಎದ್ದು ಯಾರನ್ನು ಹುಡುಕುತ್ತದೆ?

“ಬಂದೆ” ಅಂದಳು ಅಕ್ಕ. ನನ್ನ ಬಾಯಿಂದ ಮಾತೇ ಹೊರಡಲಿಲ್ಲ.’

ಇಲ್ಲಿ ‘ಹಸು ಹೋಯಿತು’ ಎಂದು ಶುರುವಾದದ್ದು ‘ಅಂದಳು ಅಕ್ಕ’ ಎಂದು ಮುಗಿದಿದೆ. ನಡುವೆ ಎಲ್ಲೋ ಹುಲಿ ಬದಲಾಗಿದೆ. ಎಲ್ಲಿ ಎಂದು ಮಗುವನ್ನು ಕೇಳಿ. ‘ಕೆಚ್ಚಲು ಖಾಲಿ’ ಎನ್ನುವಲ್ಲಿ ಎಂದೀತು, ‘ನಾಳೆ ಯಾರನ್ನು ಹುಡುಕುತ್ತದೆ’ ಎನ್ನುವಲ್ಲಿ ಎಂದೀತು. ಎರಡೂ ಸರಿ. ಕಾರಣ ಕೊಡಲಿ, ಸಾಕು.

ನಿಮ್ಮೂರಿನ ಪ್ರಾಣಿ ಯಾವುದು?

ಎಲ್ಲ ಊರಿನಲ್ಲೂ ಹುಲಿ ಒಂದೇ ಅಲ್ಲ. ತಾಳವಾಡಿಯ ಬೆಟ್ಟದ ಹಳ್ಳಿಗಳು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಮಗ್ಗುಲಲ್ಲಿವೆ. ಆ ಕಾಡು 2013ರಲ್ಲಿ ಹುಲಿಗಳಿಗಾಗಿ ಘೋಷಣೆಯಾಯಿತು. ನೀಲಗಿರಿಯಲ್ಲಿ ಮುದುಮಲೈ, ಗಡಿಯಾಚೆ ಬಂಡೀಪುರ, ಪಕ್ಕದಲ್ಲೇ ವಯನಾಡಿನ ಕಾಡು. ಅಲ್ಲಿಯ ಮಕ್ಕಳಿಗೆ ಹುಲಿ ಹಾಡಿನಲ್ಲಿ ಮಾತ್ರ ಇಲ್ಲ. ಬೆಳಿಗ್ಗೆ ಕೊಟ್ಟಿಗೆಯ ಹತ್ತಿರ ಹೆಜ್ಜೆ ಗುರುತಾಗಿ, ಮೇಯಲು ಹೋಗಿ ಮರಳದ ಹಸುವಾಗಿ ಅದು ಗೊತ್ತು. ಹಾಗೆ ಹಸು ಕಳೆದುಕೊಂಡ ಮನೆಯ ಮಗುವಿಗೆ ‘ಹುಲಿಯ ಮೇಲೆ ಕನಿಕರ ತೋರಿಸು’ ಎಂದು ಒತ್ತಾಯ ಮಾಡಬೇಡಿ. ಅದು ಕರುವಿನ ಬಾಯಲ್ಲಿ ಹೇಳಲಿ, ಕೊಟ್ಟಿಗೆಯ ಬಾಗಿಲಲ್ಲಿ ಕಟ್ಟಿದ್ದ ನಾಯಿಯ ಬಾಯಲ್ಲಿ ಹೇಳಲಿ. ಅದರ ಹುಲಿ ಕೊನೆಗೂ ಹಸುವನ್ನು ತಿಂದೇ ಹೋದರೆ, ಆ ಪುಟವನ್ನು ಹರಿಯಬೇಡಿ. ಅದು ಕಂಡದ್ದನ್ನೇ ಬರೆದಿದೆ.

ಸೊಲ್ಲಾಪುರದ ಸುತ್ತಿನ ಹುಲ್ಲುಗಾವಲುಗಳಲ್ಲಿ ಇಂದಿಗೂ ತೋಳಗಳಿವೆ, ಕುರಿಮಂದೆಗಳೂ ಇವೆ. ಅಲ್ಲಿಯ ಮಕ್ಕಳಿಗೆ ‘ತೋಳ ಬಂತು ತೋಳ’ ಕಥೆ ಇನ್ನೂ ಹತ್ತಿರದ್ದು. ಸುಳ್ಳು ಕೂಗಿ ಊರವರನ್ನು ಓಡಿಸಿದ ಹುಡುಗನ ಕಥೆಯನ್ನು ಗುಡ್ಡದ ಮೇಲೆ ಕೂತ ತೋಳ ನೋಡುತ್ತಿದ್ದರೆ? ‘ನಾನು ಬರುವ ಮೊದಲೇ ನನ್ನ ಹೆಸರು ಎರಡು ಸಲ ಕೂಗಿದರು’ ಎಂದು ಶುರುಮಾಡಬಹುದು. ಇಲ್ಲವೇ ಕುರಿಯೊಂದು ಹೇಳಲಿ: ಹುಡುಗ ಸುಳ್ಳಾಡಿದ, ಊರವರು ಬರಲಿಲ್ಲ, ಹೋದದ್ದು ಮಾತ್ರ ನಮ್ಮ ಜೀವ. ಆ ಕಥೆಯಲ್ಲಿ ಕುರಿಯ ಮಾತನ್ನು ಕೇಳಿದವರೇ ಇಲ್ಲ.

ಮೂರು ಕರಡಿಗಳ ಕಥೆಯನ್ನು ಕನ್ನಡದ ಮಕ್ಕಳಿಗೆ ತಂದುಕೊಟ್ಟವರು ಪಂಜೆ ಮಂಗೇಶರಾಯರು. ಕಲ್ಲುಗುಡ್ಡಗಳ ರಾಯದುರ್ಗದ ಕಡೆಯ ಮಗು ಅದನ್ನು ಮರಿಕರಡಿಯಾಗಿ ಹೇಳಲಿ. ಹೊರಗೆ ಹೋಗಿ ಬರುವಷ್ಟರಲ್ಲಿ ಯಾರೋ ಮನೆಗೆ ನುಗ್ಗಿದ್ದಾರೆ, ನನ್ನ ಊಟ ತಿಂದಿದ್ದಾರೆ, ನನ್ನ ಹಾಸಿಗೆಯಲ್ಲೇ ಮಲಗಿದ್ದಾರೆ. ನಗು ತಾನಾಗಿಯೇ ಬರುತ್ತದೆ.

‘ಹುಲಿ ಯಾಕೆ ಸಾಯಬೇಕು?’

ಇಷ್ಟೆಲ್ಲ ಮಾಡಿದ ಮೇಲೆ ಮಗು ಈ ಪ್ರಶ್ನೆ ಕೇಳದೆ ಇರುವುದಿಲ್ಲ. ಅಷ್ಟು ಹೊತ್ತು ತಾನೇ ಹುಲಿಯಾಗಿತ್ತಲ್ಲ! ‘ಹಸುವನ್ನು ಬಿಟ್ಟು ಸುಮ್ಮನೆ ಹೋಗಬಹುದಿತ್ತು. ಸಾಯುವುದು ಯಾಕೆ?’

ಥಟ್ಟನೆ ನೀತಿ ಹೇಳಿ ಬಾಯಿ ಮುಚ್ಚಿಸಬೇಡಿ. ನೀವೂ ಸ್ವಲ್ಪ ಯೋಚಿಸಿ. ಇವತ್ತು ಇವಳನ್ನು ಬಿಟ್ಟರೂ ನಾಳೆ ಹಸಿವಾಗುತ್ತದೆ. ನಾಳೆ ಸಿಗುವ ಹಸುವಿಗೂ ಒಂದು ಕರು ಇರಬಹುದು ಎಂದು ಈಗ ಹುಲಿಗೆ ಗೊತ್ತು. ಗೊತ್ತಾದ ಮೇಲೆ ಬೇಟೆಯಾಡುವುದು ಹೇಗೆ? ಬೇಟೆಯಾಡದೆ ಹುಲಿಯಾಗಿ ಇರುವುದು ಹೇಗೆ? ಹಾಡು ಕಟ್ಟಿದವರು ಈ ಇಕ್ಕಟ್ಟನ್ನು ಸಾವಿನಿಂದ ಬಿಡಿಸಿದರು. ನಿಮ್ಮ ಮಗು ಬೇರೆ ರೀತಿ ಬಿಡಿಸಲು ಬಯಸಬಹುದು. ಹುಲಿ ದೂರದ ಕಾಡಿಗೆ ಹೋಯಿತು ಎನ್ನಬಹುದು, ಆ ದಾರಿಗೆ ಮತ್ತೆ ಬರಲಿಲ್ಲ ಎನ್ನಬಹುದು.

ಇದಕ್ಕೆ ನಾನು ತರಗತಿಯಲ್ಲಿ ಇಟ್ಟುಕೊಂಡಿರುವ ಕ್ರಮ ಹೀಗಿದೆ. ಮೊದಲ ಸಲ ಬರೆಯುವಾಗ ನಡೆದದ್ದು ಬದಲಾಗಬಾರದು. ನಿಂತು ನೋಡುವ ಜಾಗ ಮಾತ್ರ ಬದಲಾಗಬೇಕು. ಸಾವು ಇರುವ ಕಥೆಯಲ್ಲಿ ಸಾವು ಇರಲಿ. ಅದನ್ನು ಬರೆದು ಮುಗಿಸಿದ ಮೇಲೆ, ಬೇಕಿದ್ದರೆ ಇನ್ನೊಂದು ಪುಟದಲ್ಲಿ ‘ಹೀಗೂ ಆಗಬಹುದಿತ್ತು’ ಎಂದು ಬರೆಯಲಿ. ಮೊದಲೇ ಕೊನೆಯನ್ನು ಬದಲಿಸಿಬಿಟ್ಟರೆ ಮಗು ಕಷ್ಟದ ಜಾಗವನ್ನು ಮುಟ್ಟದೆ ದಾಟಿಬಿಡುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ಬರೆದದ್ದು ನೋಟ್‌ಬುಕ್ಕಿನಲ್ಲೇ ಉಳಿಯದಿರಲಿ. ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಕೂತಾಗ ಮಗು ಅದನ್ನು ಗಟ್ಟಿಯಾಗಿ ಓದಲಿ. ತಂಗಿ ಕರುವಾಗಲಿ, ಅಪ್ಪ ಹಸುವಾಗಲಿ. ಅಜ್ಜಿ ನಡುವೆ ಬಾಯಿ ಹಾಕಿ ‘ಹಾಡಿನಲ್ಲಿ ಹಾಗಿಲ್ಲವಲ್ಲ ಮಗಾ’ ಎಂದರೆ ಎನ್ನಲಿ. ಮಗು ಏನು ಉತ್ತರ ಕೊಡುತ್ತದೆ ಎಂದು ಕೇಳಿಸಿಕೊಳ್ಳಿ. ಮುಂದಿನ ಪೋಷಕರ ಸಭೆಗೆ ಬರುವಾಗ ಆ ಪುಟವನ್ನೂ ತನ್ನಿ. ಎಷ್ಟು ಮಾರ್ಕು ಎಂದು ಕೇಳುವ ಮೊದಲು ಅದನ್ನು ಒಟ್ಟಿಗೆ ಕೂತು ಓದೋಣ.